ಅಶ್ವತ್ಥಮ್ಮ ನೀವಲೊಲ್ಲದ ಹೊಟ್ಟೆ

ತಳಿ ಎಂಬ ಊರಿನ ಸುತ್ತಮುತ್ತ ಯಾವ ಮಗುವಿಗೆ ಹೊಟ್ಟೆನೋವು ಬಂದರೂ ಅಶ್ವತ್ಥಮ್ಮನ ಮನೆಗೆ ಕರೆತರುವುದು ವಾಡಿಕೆ. ಅಂಗೈಗೆ ಹರಳೆಣ್ಣೆ ಸುರಿದುಕೊಂಡು ಹೊಟ್ಟೆ ನೀವುವುದರಲ್ಲಿ ಆಕೆಯದು ಎತ್ತಿದ ಕೈ. ಆ ಹೆಸರಿನ ಬಗ್ಗೆ ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ.

ಒಂದು ದಿನ ಮೊಮ್ಮಗಳು ಸುಷ್ಮಾಳೇ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದಳು. ಉಂಡದ್ದೆಲ್ಲ ವಾಂತಿ. ಅಶ್ವತ್ಥಮ್ಮ ಎಣ್ಣೆ ಬಟ್ಟಲು ತಂದು ಕೂತಳು. ಹೊಕ್ಕುಳಿನ ಮೇಲ್ಗಡೆ ಬೆರಳು ತಾಗಿದ್ದೇ ತಡ, ಹುಡುಗಿ ಚೀರಿದಳು. ಅಲ್ಲಿ ಬಿಗಿಯಾದ ಊತವಿತ್ತು. ಇಷ್ಟು ವರ್ಷ ನೀವಿದ ಕೈಗೆ ಇಂಥದ್ದು ಸಿಕ್ಕಿರಲಿಲ್ಲ. ಗದರಿಸಿ ಕೇಳಿದಾಗ ನಿಜ ಹೊರಬಿತ್ತು. ಕೆಲವು ವಾರಗಳ ಹಿಂದೆ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದಾಗ ಹ್ಯಾಂಡಲ್ ಹೊಟ್ಟೆಗೆ ತಿವಿದಿತ್ತು. ಬೈಗುಳಕ್ಕೆ ಹೆದರಿ ಬಾಯಿ ಬಿಟ್ಟಿರಲಿಲ್ಲ. ಅಶ್ವತ್ಥಮ್ಮ ಸೆರಗಿಗೆ ಎಣ್ಣೆ ಒರೆಸಿಕೊಂಡು ಮಗುವನ್ನು ಹೊಸೂರಿನ ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿ ಡಾಕ್ಟರ್ ಶಶಿರೇಖಾ ಸ್ಕ್ಯಾನ್ ಮಾಡಿಸಿ ವಿವರಿಸಿದರು. ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆ, ಅನ್ನ ಅರಗಿಸುವ ರಸ ಅದರಲ್ಲೂ ಆಗುತ್ತದೆ. ಏಟಿಗೆ ಅದು ಬೆನ್ನುಮೂಳೆಗೆ ಒತ್ತಿ ಜಜ್ಜಿಹೋಗಿ, ರಸ ಸೋರಿ ನೀರು ಕಟ್ಟಿಕೊಂಡಿದೆ. ತಿಕ್ಕಿದ್ದರೆ ಒಳಗೇ ಒಡೆಯುವ ಅಪಾಯವಿತ್ತು. ಸುಷ್ಮಾಳನ್ನು ಕೆಲವು ದಿನ ವಾರ್ಡಿನಲ್ಲಿಟ್ಟು, ನೋವು ತಗ್ಗಿ ಊಟ ಸೇರಿದ ಮೇಲೆ, ಸ್ಕ್ಯಾನಿಗೆ ತಪ್ಪದೆ ಬನ್ನಿ ಎಂದು ಮನೆಗೆ ಕಳಿಸಿದರು.

ಊರಲ್ಲಿ ಗುಲ್ಲೆದ್ದಿತು. ಕುಡುಕರಿಗೆ ಬರುವ ಕಾಯಿಲೆ ಮಗುವಿಗೆ ಹೇಗೆ ಬಂತು ಎಂದು ಕೆಲವರು ಮೂಗು ಮುರಿದರು. ಒಂದು ಸಲ ನೀವಿಬಿಡಮ್ಮ ಎಂದು ಕೆಲವರು ಗಂಟುಬಿದ್ದರು. ಅಶ್ವತ್ಥಮ್ಮನ ತಮ್ಮ ಕೊಂಡಪ್ಪ, ಕುಡಿದು ಕುಡಿದು ಇದೇ ಕಾಯಿಲೆ ತಂದುಕೊಂಡಿದ್ದವನು, ಜಗಲಿಗೇ ಬಂದು ಕೂತ.

“ನಂಗೂ ಇದೇ ನೀರು ಕಣಕ್ಕ. ಟ್ಯೂಬ್ ಹಾಕಿ ತೆಗುದ್ರು. ಮಗೀನ ಸುಮ್ನೆ ಕಳ್ಸವ್ರಲ್ಲ, ಕೈಬಿಟ್ರಾ?”

“ನಿಂದು ಕುಡ್ದು ಕೆಟ್ಟಿದ್ದು ಕಣ್ಲಾ ಕೊಂಡ. ಇವಳ್ದು ಏಟು ಬಿದ್ದಿದ್ದು. ಮಕ್ಕಳ ಮೈಯಾಗೆ ಈ ನೀರು ಎಷ್ಟೋ ಸಲ ತಾನೇ ಇಂಗ್ತದಂತೆ. ಇಂಗ್ದೆ ಹೋದ್ರೆ, ಜ್ವರ ಬಂದ್ರೆ, ಡಾಕ್ಟ್ರೇ ತೆಗೀತಾರೆ. ಅವ್ರು ಕಣ್ಣಿಟ್ಟು ಕಾಯ್ತಾವ್ರೆ. ಅಲ್ಲಿಗಂಟ ಇವಳ ಹೊಟ್ಟೆ ಮ್ಯಾಲೆ ಯಾರ ಕೈಯೂ ಬೀಳಕೂಡ್ದು. ನಂದೂ ಸೇರಿ.”

ಅಷ್ಟಂದು ಬಟ್ಟಲಿನ ಹರಳೆಣ್ಣೆಯನ್ನು ಎಲ್ಲರೆದುರಿಗೇ ದೇವರ ದೀಪಕ್ಕೆ ಸುರಿದಳು.

ಪ್ರತಿ ಸ್ಕ್ಯಾನಿಗೂ ಸುಷ್ಮಾಳ ಜೊತೆ ಕೊಂಡಪ್ಪನನ್ನೂ ಎಳೆದುಕೊಂಡೇ ಬಸ್ಸು ಹತ್ತಿದಳು. ನೀರು ಕಮ್ಮಿಯಾಗುತ್ತಾ ಬಂದು, ಕೊನೆಗೆ ಇಂಗಿಯೇ ಹೋಯಿತು. ಡಾಕ್ಟರಿಗೆ ಮೊದಲು ಕೈಮುಗಿದವನು ಕೊಂಡಪ್ಪನೇ.

ಈಗಲೂ ಜನ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಅಶ್ವತ್ಥಮ್ಮ ಎಣ್ಣೆ ಮುಟ್ಟುವುದಿಲ್ಲ. ಮಗು ಎಲ್ಲಾದರೂ ಬಿದ್ದಿತ್ತಾ ಎಂದು ಕೇಳಿ, ಆಸ್ಪತ್ರೆಯ ದಾರಿ ತೋರಿಸುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಹೊಟ್ಟೆಗೆ ಏಟು ಬಿದ್ದ ಮಗುವಿಗೆ ಆಮೇಲೆ ಯಾವಾಗ ನೋವು, ವಾಂತಿ, ಊತ, ಜ್ವರ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಇಲ್ಲವೇ ೧೦೮ಕ್ಕೆ ಫೋನ್ ಮಾಡಿ. ಹೊಟ್ಟೆ ತಿಕ್ಕಿಸಬೇಡಿ. ಡಾಕ್ಟರು ಕಾಯೋಣ ಎಂದರೆ ಕಾಯಿರಿ, ಹೇಳಿದ ದಿನಕ್ಕೆ ಸ್ಕ್ಯಾನಿಗೆ ಹೋಗಿ. ಇನ್ನೊಂದು ಮಾತು. ಬಿದ್ದೆ ಎಂದು ಮಗು ಬಂದು ಹೇಳಿದರೆ, ದಯವಿಟ್ಟು ಬೈಯಬೇಡಿ.