ಕೂಗೋ ವೈಲ್ ಬಿಡಬೇಡ

ದಕ್ಷಿಣ ಇಂಗ್ಲೆಂಡಿನ ಲೂಯಿಸ್ ಎಂಬ ಊರಿನ ಕೋರ್ಟಿನ ಹಿಂದಿನ ಕೋಣೆಯಲ್ಲಿ ಜ್ಯೂರಿಯ ಹನ್ನೆರಡು ಜನಕ್ಕೂ ಸೇರಿ ಒಂದೇ ಟೀ ಪಾತ್ರೆ. ಚಹಾಪುಡಿ ಇನ್ನೂ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ ಅದು. ಲೋಟಕ್ಕೆ ಸುರಿದ ಟೀ ನೀರಿನಂತಿದ್ದುದನ್ನು ಕಂಡು, ಜ್ಯೂರಿಯಲ್ಲೊಬ್ಬಳಾದ ಎಡಿತ್ ಬೂತ್‌ಗೆ ಮೈಯೆಲ್ಲ ಉರಿದುಹೋಯಿತು.

“ಬಣ್ಣ ಬಿಡೋ ವೈಲ್ ಸುರೀಬೇಡಿ ಅಂತ ನಿನ್ನೆನೂ ಹೇಳಿದ್ದೆ, ಮಿಸ್ಟರ್ ಪೆಲಿಂಗ್!”

“ಅದಕ್ಕೇ ಅಲ್ವೇನ್ರೀ, ಬಣ್ಣ ಬಿಡೋಕೆ ಮುಂಚೇನೇ ಸುರಿದೆ?” ಎಂದ ಪೆಲಿಂಗ್. ಬೀಜದಂಗಡಿಯ ಯಜಮಾನ, ಜ್ಯೂರಿಗೆ ಮುಖ್ಯಸ್ಥ. ಈ ಹೆಂಗಸಿಗೆ ತಲೆ ಸರಿಯಿಲ್ಲ ಎಂಬಂತೆ ನೋಡಿದ. ಎಡಿತ್ ನೀರುನೀರಾದ ಟೀ ಕುಡಿದು ಲೋಟ ಕೆಳಗಿಟ್ಟಳು. ಉತ್ತರದ ಯಾರ್ಕ್‌ಶೈರಿನಿಂದ ಬಂದು ಇಲ್ಲಿ ಬಾಡಿಗೆ ಕೋಣೆಗಳ ಮನೆ ನಡೆಸತೊಡಗಿ ಎರಡೇ ವರ್ಷ. ಈ ದಕ್ಷಿಣದವರ ರೀತಿನೀತಿ ಅವಳಿಗಿನ್ನೂ ಒಗ್ಗಿರಲಿಲ್ಲ.

ಕಟಕಟೆಯಲ್ಲಿ ನಿಂತಿದ್ದವನೂ ಅವಳ ಸೀಮೆಯವನೇ, ಬಡಗಿ ಎನಾಕ್ ಹೋಲ್ರಾಯ್ಡ್. ಕೊಲೆಯ ಆರೋಪ, ರುಜುವಾತಾದರೆ ನೇಣು. ಜೊತೆಗಾರ ಸ್ಯಾಮ್, ಅವನೂ ಅದೇ ಸೀಮೆಯವನು, ಕಣಜದ ಅಟ್ಟದ ಮೇಲೆ ತೊಲೆ ಕೂರಿಸುತ್ತಿದ್ದ. ಕೆಳಗೆ ಎನಾಕ್ ತೊಲೆಗೆ ಕಟ್ಟಿದ ಹಗ್ಗ ಹಿಡಿದಿದ್ದ. ಎನಾಕ್ ಹಗ್ಗ ಬಿಟ್ಟ, ತೊಲೆ ಉರುಳಿತು, ಸ್ಯಾಮ್ ಸತ್ತ. ಹಿಂದಿನ ದಿನವಷ್ಟೇ ನಾಯಿಯೊಂದರ ವಿಷಯಕ್ಕೆ ಇಬ್ಬರೂ ಕೈಕೈ ಮಿಲಾಯಿಸಿದ್ದರು.

ಸರ್ಕಾರಿ ವಕೀಲ ಕೇಳಿದ: “ಸ್ಯಾಮ್ ನಿನಗೆ ಏನಂತ ಹೇಳಿದ್ದ?”

“‘ನಾನು ಕೂಗೋ ವೈಲ್ ಹಗ್ಗ ಬಿಡಬೇಡ’ ಅಂದಿದ್ದ, ಸಾರ್.”

“ಅವನು ಕೂಗಿದನೋ?”

“ಹೂಂ, ಕೂಗಿದ.”

“ನೀನು ಬಿಟ್ಟೆಯೋ?”

“ಬಿಟ್ಟೆ ಸಾರ್, ಕೂಗಿದ ತಕ್ಷಣ.”

ಕೋರ್ಟಿಗೆ ಕೋರ್ಟೇ ಉಸಿರು ಬಿಗಿಹಿಡಿಯಿತು. ವಕೀಲ ‘ಇಷ್ಟು ಸಾಕು’ ಎಂದು ಕೂತುಬಿಟ್ಟ. ಇದರಲ್ಲಿ ಬೆಚ್ಚಿಬೀಳುವಂಥದ್ದು ಏನಿದೆಯೋ ಎಡಿತ್‌ಗೆ ತಿಳಿಯಲೇ ಇಲ್ಲ. ಪಾಪ, ಹೇಳಿದ ಹಾಗೇ ಮಾಡಿದ್ದಾನಲ್ಲ!

ಸಾಕ್ಷಿ ಮುಗಿಯಿತು, ನ್ಯಾಯಾಧೀಶರು ಕಾನೂನು ತಿಳಿಸಿಕೊಟ್ಟರು. ತೀರ್ಪು ಮಾತ್ರ ನಿಮ್ಮದು, ಹನ್ನೆರಡು ಜನರದ್ದೂ ಒಂದೇ ಮಾತಾಗಬೇಕು ಎಂದರು. ಜ್ಯೂರಿಯನ್ನು ಕೋಣೆಗೆ ಕಳಿಸಿ ಹೊರಗಿನಿಂದ ಬೀಗ ಹಾಕಿದರು.

ಪೆಲಿಂಗ್ ಒಬ್ಬೊಬ್ಬರನ್ನೇ ಕೇಳಿದ. ಅಪರಾಧಿ, ಅಪರಾಧಿ ಎನ್ನುತ್ತ ಸರದಿ ಎಡಿತ್‌ವರೆಗೂ ಬಂತು.

“ನಿರಪರಾಧಿ,” ಎಂದಳು. ಎಲ್ಲರೂ ಅವಳತ್ತ ತಿರುಗಿದರು.

“ಏನಮ್ಮಾ, ನಿಮ್ಮೂರವನು ಅಂತ ಕರುಳು ಚುರ್ ಅಂತೇನು?” ಎಂದು ಒಬ್ಬ ಕೆಣಕಿದ.

“ಕರುಳಿನ ಮಾತು ಬಿಡ್ರೀ. ಅವನು ಮಾಡಿದ ತಪ್ಪಾದರೂ ಏನು?”

“ತಾನೇ ಒಪ್ಪಿಕೊಂಡನಲ್ರೀ!” ಪೆಲಿಂಗ್ ಮೇಜು ಕುಟ್ಟಿದ. “ಕೂಗುತ್ತಿರುವಾಗ ಬಿಡಬೇಡ ಅಂದ್ರೆ, ಕೂಗುತ್ತಿರುವಾಗಲೇ ಬಿಟ್ಟಿದ್ದಾನೆ!”

“ಕೂಗುತ್ತಿರುವಾಗ ಅಂತ ಎಲ್ಲಿ ಹೇಳಿದ? ಕೂಗೋ ವೈಲ್ ಅಂದ.”

“ವೈಲ್ ಅಂದ್ರೆ ‘ಆಗ’ ಅಂತ ತಾನೇ?”

“ಅಲ್ಲಪ್ಪಾ! ನಮ್ಮ ಯಾರ್ಕ್‌ಶೈರಿನಲ್ಲಿ ವೈಲ್ ಅಂದ್ರೆ ‘ತನಕ’!”

ಎಡಿತ್‌ಗೆ ಆಗಷ್ಟೇ ಹೊಳೆಯಿತು. ಹಾಗಾದರೆ ಆ ಕೋರ್ಟಿನಲ್ಲಿದ್ದ ಯಾರಿಗೂ, ತನ್ನನ್ನು ಬಿಟ್ಟರೆ, ಎನಾಕ್‌ನ ಮಾತು ಅವನ ಮಾತಾಗಿ ಕೇಳಿಸಿರಲೇ ಇಲ್ಲ. ಸ್ಯಾಮ್ ಕಾಲು ಜಾರಿ ಚೀರಿರಬೇಕು; ಕೆಳಗಿದ್ದವನು ಅದನ್ನೇ ‘ಬಿಡು’ ಎಂಬ ಸನ್ನೆ ಅಂದುಕೊಂಡಿದ್ದ.

“ಅವನನ್ನು ಉಳಿಸೋಕೆ ನೀವೀಗ ಕಟ್ಟಿದ ಕತೆ ಇದು,” ಎಂದ ಕೆಣಕಿದವನು.

ಪೆಲಿಂಗ್ ಮಾತ್ರ ಟೀ ಪಾತ್ರೆಯನ್ನೇ ದಿಟ್ಟಿಸುತ್ತಿದ್ದ.

“ಬಣ್ಣ ಬಿಡೋ ತನಕ ಸುರೀಬೇಡಿ,” ಎಂದು ನಿಧಾನವಾಗಿ ಗೊಣಗಿದ. “ಅಯ್ಯೋ ದೇವರೇ! ಮಿಸೆಸ್ ಬೂತ್, ಇಷ್ಟು ದಿನ ನಿಮಗೆ ಬರೀ ಬಿಸಿನೀರು ಕುಡಿಸಿದ್ನಲ್ರೀ!”

ಯಾರೂ ನಗಲಿಲ್ಲ. ಅವನು ಮತ್ತೆ ಮೊದಲಿನಿಂದ ಕೇಳುತ್ತ ಬಂದ. ಈ ಸಲ ಹನ್ನೆರಡು ಬಾಯಿಂದಲೂ ಒಂದೇ ಮಾತು ಬಂತು.

ಬಿಡುಗಡೆಯಾದ ಎನಾಕ್ ಸಂಜೆ ರೈಲು ನಿಲ್ದಾಣದ ಟೀ ಅಂಗಡಿಯಲ್ಲಿ ಕಣ್ಣಿಗೆ ಬಿದ್ದ. ಜ್ಯೂರಿ ಕೋಣೆಯ ಮಾತು ಹೊರಗೆ ಆಡಬಾರದು. ಎಡಿತ್ ದೂರದ ಮೇಜು ನೋಡಿ ಕೂತಳು.

“ಬಣ್ಣ ಬಿಡೋ ವೈಲ್ ಸುರೀಬೇಡಮ್ಮಾ,” ಎಂದು ಅವನು ಅಂಗಡಿಯ ಹುಡುಗಿಗೆ ಹೇಳುವುದು ಕೇಳಿಸಿತು. ಹುಡುಗಿ ಅಲ್ಲೇ ಬಗ್ಗಿಸಿಬಿಟ್ಟಳು.

ಎಡಿತ್ ತಡೆಯಲಾರದೆ ಎದ್ದಳು. ಟೀ ಬಗ್ಗೆ ಮಾತಾಡಬಾರದೆಂದು ಯಾವ ನ್ಯಾಯಾಧೀಶರೂ ಹೇಳಿರಲಿಲ್ಲ.

“ಅವನು ಹೇಳಿದ್ದು ‘ಬಣ್ಣ ಬಿಡೋ ತನಕ’ ಅಂತ ಕಣೇ. ಇಲ್ಲಿಯವರಿಗೆ ವೈಲ್ ಅಂದ್ರೆ ‘ಆಗ’ ಅಂತ ಕೇಳಿಸುತ್ತೆ.”

ಎನಾಕ್ ತಿರುಗಿ ನೋಡಿದ. ಮುಖದ ಗುರುತು ಸಿಕ್ಕಿತು. ಆಮೇಲೆ ಮಾತಿನ ಗುರುತೂ ಸಿಕ್ಕಿತು. ಕಟಕಟೆಯಲ್ಲಿ ನಿಂತು ತಾನೂ ‘ವೈಲ್’ ಎಂದದ್ದು ನೆನಪಾಯಿತು. ಅವನ ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು.