ಮಿಸ್ ಹಾರ್ಪರ್‌ಗೆ ತುಂಬಿದ ಉಡಿ

ಎಲಿಕಾಟ್ ಸಿಟಿಯ ಕನ್ನಡಿಗರ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ, ಗುಳೇದಗುಡ್ಡದ ಒಂದು ಖಣಕ್ಕೆ ಅದರಲ್ಲಿ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಡಬೇಕು. ಹಸಿರು ಮೈ, ಕೆಂಪು ಅಂಚು. ಒಂದು ಕುಪ್ಪಸಕ್ಕಾಗುವಷ್ಟು ಬಟ್ಟೆ. ತೊಂಬತ್ತಾರರ ಚಳಿಗಾಲದಲ್ಲಿ ಅದು ಅಮೆರಿಕದ ಸರ್ಕಾರಿ ಕಡತಕ್ಕೆ ಸೇರಿತು.

ಶುರುವಾದದ್ದು ಶಾಲೆಯಲ್ಲಿ. ತಾನು ಅಜ್ಜಿಯ ಜೊತೆ ನೆಲದ ಮೇಲೆ ಮಲಗುತ್ತೇನೆ, ತನಗೆ ಮಂಚವೇ ಇಲ್ಲ ಎಂದು ಐದು ವರ್ಷದ ಅಕ್ಷಯಾ ಟೀಚರಿಗೆ ಹೆಮ್ಮೆಯಿಂದ ಹೇಳಿದಳು. ಮಂಚ ಇತ್ತು, ಅದರ ಮೇಲೆ ಗೊಂಬೆಗಳು ಮಲಗುತ್ತಿದ್ದವು. ಟೀಚರ್ ಮಕ್ಕಳ ಇಲಾಖೆಗೆ ತಿಳಿಸಿದರು. ಮನೆ ನೋಡಿ ವರದಿ ಬರೆಯಲು ಮಿಸ್ ಹಾರ್ಪರ್ ಎಂಬ ಯುವತಿ ಬಂದಳು.

ಅಪ್ಪ ಬಸವಕುಮಾರ್ ಎಂಜಿನಿಯರು. ಅಮ್ಮ ಪ್ರತಿಭಾ ಆಸ್ಪತ್ರೆಯಲ್ಲಿ ಹೊತ್ತುಗೊತ್ತಿಲ್ಲದೆ ದುಡಿಯುವ ಕಿರಿಯ ಡಾಕ್ಟರು. ಇಬ್ಬರೂ ರಜೆ ಹಾಕಿ, ಬೀಗರು ಬರುತ್ತಾರೇನೋ ಎಂಬಂತೆ ಮನೆ ಒರೆಸಿದರು. ಮೊಮ್ಮಗಳನ್ನು ನೋಡಿಕೊಳ್ಳಲೆಂದೇ ಗದಗಿನಿಂದ ಬಂದಿದ್ದ ಬಸವಕುಮಾರರ ತಾಯಿ ಶಾಂತಾಬಾಯಿ ಶಿರಾ ಮಾಡಿದರು. ಮಿಸ್ ಹಾರ್ಪರ್ ತಿನ್ನಲಿಲ್ಲ, ನಿಯಮವಂತೆ. ಕಪಾಟುಗಳನ್ನೆಲ್ಲ ತೆರೆದು ನೋಡಿ, ಚೆನ್ನಾಗಿದೆ ಎಂದು ಹೊರಟವಳನ್ನು ಶಾಂತಾಬಾಯಿ ತಡೆದು, ಕುಂಕುಮವಿಟ್ಟು, ಕೋಟಿಗೆ ಸೆರಗಿಲ್ಲವಾದ್ದರಿಂದ ಅದರ ಅಂಚನ್ನೇ ಹಿಡಿಸಿ ಉಡಿ ತುಂಬಿದರು: ಅಕ್ಕಿ, ತೆಂಗಿನಕಾಯಿ, ಆ ಖಣ, ಮೇಲೊಂದು ಡಾಲರಿನ ನೋಟು. ಅವಳು ಎಲ್ಲವನ್ನೂ ಚಪ್ಪಲಿ ಸ್ಟ್ಯಾಂಡಿನ ಮೇಲೆ ಸುರಿದು ಹೋದಳು.

ವರದಿಯಲ್ಲಿ ಮಂಚದ ಮಾತೇ ಇರಲಿಲ್ಲ. ಮನೆಯವರು ಅಧಿಕಾರಿಗೆ ಹಣ ಮತ್ತು ವಸ್ತು ಕೊಡಲು ಯತ್ನಿಸಿದರು ಎಂದಿತ್ತು. ಅಜ್ಜಿಗೆ ಇಂಗ್ಲಿಷ್ ಬಾರದು, ಮರುಪರಿಶೀಲನೆಯಾಗುವ ತನಕ ಮಗುವನ್ನು ಅವರೊಬ್ಬರ ಬಳಿ ಬಿಡಕೂಡದು ಎಂದಿತ್ತು. ಹೀಗಾಗಿ ಶಾಲೆ ಬಿಟ್ಟ ಮೇಲೆ ಮೊಮ್ಮಗಳು ಡೇ ಕೇರಿಗೆ. ಅಜ್ಜಿ ಕಿಟಕಿಯ ಬಳಿ ಕೂತು, ಪಾರ್ಕಿಂಗ್ ಲಾಟಿನಲ್ಲಿ ಮಗನ ಕಾರು ಕಾಣುವ ತನಕ ಕಾಯುತ್ತಿದ್ದರು. ವೀಸಾ ಇದ್ದದ್ದು ಮೇ ತಿಂಗಳವರೆಗೆ.

ಈ ವರದಿಯ ವಿರುದ್ಧ ದೂರು ಬರೆದುಕೊಡಲು ಬದರಿನಾಥ ಅಂಕಲ್ ಒಪ್ಪಿದರು. ವಾಷಿಂಗ್ಟನ್ನಿನ ಕಚೇರಿಯೊಂದರಲ್ಲಿ ಟಿಪ್ಪಣಿ ಬರೆದೇ ತಲೆ ನರೆಸಿಕೊಂಡ ಮೈಸೂರಿನವರು. “ಏಕಾಏಕಿ ಜಗಳಕ್ಕೆ ಹೋಗ್ಬಾರ್ದು ಕಣಮ್ಮ. ಮೊದ್ಲು ಹೊಗಳ್ಬೇಕು. ಕೊನೇಲಿ ಮೆತ್ತಗೆ ತಿವೀಬೇಕು” ಎಂದರು. ಇಲಾಖೆಯ ದಕ್ಷತೆಗೆ ಒಂದು ಪುಟ, ಮಿಸ್ ಹಾರ್ಪರಳ ಸೌಜನ್ಯಕ್ಕೆ ಇನ್ನೊಂದು. ದೂರು ಮೂರನೆಯ ಪುಟದ ತಳದಲ್ಲಿ ಒಂದು ‘ಆದಾಗ್ಯೂ’ವಿನ ಹಿಂದೆ ಹೊಸ ಮದುವಣಗಿತ್ತಿಯಂತೆ ನಿಂತಿತ್ತು.

ಬಹಳ ದಿನದ ಮೇಲೆ ಉತ್ತರ ಬಂತು. ನಿಮ್ಮ ಮೆಚ್ಚುಗೆಗೆ ಧನ್ಯವಾದ, ಅದನ್ನು ಮಿಸ್ ಹಾರ್ಪರಳ ಸೇವಾ ದಾಖಲೆಗೆ ಸೇರಿಸಲಾಗಿದೆ ಎಂದಿತ್ತು.

“ಅಕಿಗೆ ಪ್ರಮೋಷನ್ ಕೊಡಿಸಿದ್ರಿ ನೋಡ್ರಿ, ಅಂಕಲ್” ಎಂದಳು ಪ್ರತಿಭಾ. ಅವಳಿಗೆ ಸಿಟ್ಟು ಮಾಡುವಷ್ಟೂ ತ್ರಾಣವಿರಲಿಲ್ಲ.

ಎರಡನೆಯ ದೂರನ್ನು ಅವಳೇ ಬರೆದಳು, ನಾಲ್ಕೇ ಸಾಲು. ಆಮೇಲೆ ಫೋನು. ಮೇಲಧಿಕಾರಿ ರಜೆಯಲ್ಲಿದ್ದರು. ರಜೆಯಿಂದ ಬಂದವರಿಗೆ ಕಡತ ಸಿಗಲಿಲ್ಲ. ಕಡತ ಸಿಗುವ ಹೊತ್ತಿಗೆ ಮಿಸ್ ಹಾರ್ಪರ್ ಬೇರೆ ವಿಭಾಗಕ್ಕೆ ಹೋಗಿದ್ದಳು. ಫೋನಿನಲ್ಲಿ ಕಾಯಿಸುವಾಗ ಹಾಕುವ ಸಂಗೀತವನ್ನು ಪ್ರತಿಭಾ ಕೆಲಸದ ನಡುವೆ ಎಷ್ಟು ಕೇಳಿದಳೆಂದರೆ ಅಕ್ಷಯಾಳಿಗೆ ಸ್ನಾನ ಮಾಡಿಸುವಾಗ ಅದನ್ನೇ ಗುನುಗುತ್ತಿದ್ದಳು.

ಏಪ್ರಿಲ್ ಕೊನೆಯಲ್ಲಿ ಎಲ್ಲರನ್ನೂ ಕರೆಸಿದರು. ಬಂದವಳಿಗೆ ಹಣ ಕೊಟ್ಟಿದ್ದೇಕೆ ಎಂದು ಮೇಲಧಿಕಾರಿ ಕೇಳಿದರು. ಬಸವಕುಮಾರ್ ಅದನ್ನು ತಾಯಿಗೆ ಕನ್ನಡದಲ್ಲಿ ಹೇಳಿದರು.

“ಹೆಣ್ಣಮಗಳು ಮನಿಗೆ ಬಂದಾಳ. ಬರಿಗೈಲೆ ಹೆಂಗ ಕಳಸೂದು?” ಎಂದರು ಶಾಂತಾಬಾಯಿ. “ಅಕಿ ತಾಯಿ ಏನ ಅಂದಾಳು ನಮಗ?”

ಮೇಲಧಿಕಾರಿ ಬರೆದುಕೊಂಡರು. ಅದರಿಂದ ನೀವು ಏನಾದರೂ ನಿರೀಕ್ಷಿಸಿದ್ದಿರಾ ಎಂದು ಕೇಳಿದರು.

ಶಾಂತಾಬಾಯಿ ಪ್ರಾಮಾಣಿಕವಾಗಿ ಯೋಚಿಸಿದರು. “ಹೌದಲ್ಲ. ಲಗೂನ ಲಗ್ನ ಆಗಲಿ ಅಂತ.”

ಬಸವಕುಮಾರ್ ಇದನ್ನು ‘ಏನೂ ಇಲ್ಲ’ ಎಂದು ಅನುವಾದಿಸಿದರು.

ವೀಸಾ ಮುಂದುವರಿಸಲು ಅರ್ಜಿ ಹಾಕೋಣವೆಂದು ಮಗ ಕೇಳಿದಾಗ ಶಾಂತಾಬಾಯಿ ಒಪ್ಪಲಿಲ್ಲ. ಕೂಸನ್ನು ಕೈಗೆ ಕೊಡದ ಊರಲ್ಲಿ ಕಿಟಕಿ ಕಾಯುವುದಕ್ಕೆ ತಾನೇಕೆ ಬೇಕು ಎಂದರು.

ಜೂನ್ ಮೊದಲ ವಾರ ಇಲಾಖೆಯ ಉತ್ತರ ಬಂತು. ದೂರನ್ನು ಒಪ್ಪಲಾಗಿದೆ, ಮಗುವನ್ನು ಅಜ್ಜಿಯ ಬಳಿ ಬಿಡಬಹುದು. ಶಾಂತಾಬಾಯಿ ಅಷ್ಟರಲ್ಲಿ ಗದಗಿಗೆ ಹೋಗಿದ್ದರು. ಅಕ್ಷಯಾ ಈಗ ಮಂಚದ ಮೇಲೆ ಮಲಗುತ್ತಾಳೆ.