ಮೂರನೇ ಪುಟದ ಪ್ರಕಟಣೆ

ನನ್ನ ಅಕ್ಕನ ಹೊಲಿಗೆ ಅಂಗಡಿ ಹೋಗಿದ್ದು ನನ್ನಿಂದ. ಸುತ್ತಿಬಳಸಿ ಹೇಳುವ ವಯಸ್ಸು ನನ್ನದಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಮೇಯರ್ ಬದಲಾಗದಿದ್ದರೆ ಉಳಿಯುತ್ತಿತ್ತೇನೋ ಎಂದು ಬೀದಿಯವರು ಸಮಾಧಾನ ಹೇಳುತ್ತಾರೆ. ಹೇಳಲಿ ಬಿಡಿ.

ನಮ್ಮದು ಸಣ್ಣ ಪ್ರೆಸ್. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಿಂದ ಬೀದಿಗೆಲ್ಲ ನಾನು ‘ಮೊಳೆ ಮಾಮ’. ಪಾಲಿಕೆಯವರು ತಿಂಗಳಿಗೊಮ್ಮೆ ಮನೆಮನೆಗೆ ಹಂಚುವ ಸುದ್ದಿಪತ್ರ ಅಚ್ಚಾಗುವುದು ಇಲ್ಲೇ. ನಾಲ್ಕು ಪುಟ, ಐದು ಸಾವಿರ ಪ್ರತಿ. ಮೊದಲ ಪುಟದಲ್ಲಿ ಮೇಯರ್ ಮುಖ, ಎರಡರಲ್ಲಿ ಟೇಪು ಕತ್ತರಿಸಿದ ಕಾಮಗಾರಿಗಳ ಪಟ್ಟಿ, ಮೂರರಲ್ಲಿ ಯಾರೂ ಓದದ ಪ್ರಕಟಣೆಗಳು, ನಾಲ್ಕರಲ್ಲಿ ಕಸ ಎಲ್ಲಿ ಹಾಕಬೇಕೆಂಬ ಉಪದೇಶ.

ಆ ತಿಂಗಳ ಮೂರನೇ ಪುಟದಲ್ಲಿ ಒಂದು ಪ್ರಕಟಣೆಯಿತ್ತು. ಬಸ್ಸು ತಿರುಗಲು ಜಾಗ ಸಾಲದ ಕಾರಣ ಮಾರುಕಟ್ಟೆ ರಸ್ತೆಯ ಒಂದು ಕಟ್ಟಡ ತೆರವು. ಆಕ್ಷೇಪಣೆ ಇದ್ದವರು ಸಂಚಿಕೆಯ ತಾರೀಖಿನಿಂದ ಹದಿನೈದು ದಿನದೊಳಗೆ ಬರೆದು ಕೊಡಬೇಕು. ಕೊಟ್ಟರೆ ವಿಚಾರಣೆ ಮುಗಿಯುವವರೆಗೆ ಕಟ್ಟಡ ಮುಟ್ಟುವಂತಿಲ್ಲ. ಕೆಳಗೆ ಐದು ಅಂಕಿಯ ಆಸ್ತಿ ಸಂಖ್ಯೆ. ಹೆಸರಿಲ್ಲ, ವಿಳಾಸವಿಲ್ಲ. ನಾನೇ ಮೂರು ಸಲ ಕರಡು ತಿದ್ದಿದೆ. ಅಂಕಿ ಸರಿಯಾಗಿದೆಯೇ ಎಂದು ನೋಡಿದೆನೇ ಹೊರತು ಅದು ಯಾರದು ಎಂದು ನೋಡಲಿಲ್ಲ. ಐವತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಅಕ್ಷರ ಕಾಣುತ್ತದೆ, ವಿಷಯ ಕಾಣುವುದಿಲ್ಲ.

ಅದು ಅಕ್ಕನ ಅಂಗಡಿ. ಮೂವತ್ತೆಂಟು ವರ್ಷ ಅವಳು ಬಾಡಿಗೆಗಿದ್ದ ಮೂಲೆ. ಮಾಲೀಕ ಬೇರೆ ಊರಿನಲ್ಲಿದ್ದಾನೆ, ಕಟ್ಟಡ ಹೋದರೆ ಅವನಿಗೇನು, ಪರಿಹಾರ ಬರುತ್ತದೆ. ಅಕ್ಕನಿಗೆ ಆ ಕಿಟಕಿಯ ಬೆಳಕೊಂದೇ ಕಣ್ಣು. ಮನೆಯಲ್ಲಿ ಸೂಜಿಗೆ ದಾರ ಏರಿಸಲೂ ಅವಳಿಗೆ ಆಗುವುದಿಲ್ಲ.

ಐದು ಸಾವಿರವೂ ಅಚ್ಚಾಗಿ ಕಟ್ಟು ಕಟ್ಟಿಟ್ಟ ದಿನವೇ ಅವಿಶ್ವಾಸ ಗೊತ್ತುವಳಿಯಲ್ಲಿ ಮೇಯರ್ ಬಿದ್ದರು. ಪಾಲಿಕೆಯ ಪ್ರಚಾರಾಧಿಕಾರಿ ಏದುಸಿರು ಬಿಡುತ್ತ ಬಂದ.

“ಮಾಮಾ, ಒಂದು ಪ್ರತಿನೂ ಆಚೆ ಹೋಗ್ಬಾರ್ದು. ಹಳೇ ಮುಖ ಹೋದ್ರೆ ನನ್ನ ತಲೆ ಹೋಗುತ್ತೆ.”

“ಅಷ್ಟೂ ರದ್ದಿಗೆ ಹಾಕೋಕಾಗುತ್ತೇನಯ್ಯಾ? ಹೊಸಬರ ಮುಖ ಚೀಟಿ ಮಾಡಿ ಮೇಲೆ ಅಂಟಿಸೋಣ.”

ನನ್ನದೇ ಬುದ್ಧಿವಂತಿಕೆ. ಅವನು ನನ್ನ ಕೈ ಹಿಡಿದುಕೊಂಡುಬಿಟ್ಟ. ಆದರೆ ಹೊಸ ಮೇಯರ್‌ಗೆ ಫೋಟೋ ಹಿಡಿಸಬೇಕಲ್ಲ. ಮೊದಲನೆಯದರಲ್ಲಿ ಕುತ್ತಿಗೆ ಗಿಡ್ಡ, ಎರಡನೆಯದರಲ್ಲಿ ನಗು ಜಾಸ್ತಿ, ಮೂರನೆಯದಕ್ಕೆ ಕೋಟು ಬದಲಾಯಿಸಿದರು. ಹದಿನಾರು ದಿನ ಹೋಯಿತು. ಅಷ್ಟು ದಿನವೂ ಮಧ್ಯಾಹ್ನ ಅಕ್ಕ ಚಹಾಕ್ಕೆ ಬಂದು ಆ ಕಟ್ಟುಗಳ ಮೇಲೇ ಕೂತು ನನ್ನನ್ನು ಬೈಯುತ್ತಿದ್ದಳು.

“ಏನೋ, ಪ್ರೆಸ್ಸೋ ಗೋಡೌನೋ? ಕಾಲಿಡೋಕೆ ಜಾಗ ಇಲ್ಲ.”

ಚೀಟಿ ಬಂದ ಮೇಲೆ ಎರಡು ದಿನ ಅವಳೂ ಅಂಟು ಹಿಡಿದು ಕೂತಳು. ಹೊಲಿಯುವ ಕೈ, ನನ್ನ ಹುಡುಗರಿಗಿಂತ ಚುರುಕು. “ಈ ಯಪ್ಪನ ಮೂಗು ನೋಡು, ಅಂಟು ಸಾಲಲ್ಲ,” ಎಂದು ನಗಿಸಿದಳು. ಸಾವಿರ ಮುಖ ಅಂಟಿಸಿದಳು. ಒಂದನ್ನೂ ಬಿಡಿಸಿ ಒಳಗೆ ನೋಡಲಿಲ್ಲ.

ಪತ್ರದ ತಾರೀಖು ಚೀಟಿ ಅಂಟಿಸಿದ ಜಾಗಕ್ಕಿಂತ ಮೇಲಿತ್ತು, ಮುಚ್ಚಿಹೋಗಲಿಲ್ಲ. ಒಂದನೇ ತಾರೀಖು. “ಇರ್ಲಿ ಬಿಡಿ, ತಿಂಗಳ ಸಂಚಿಕೆ ತಾನೇ. ಡೆಲಿವರಿ ಚೀಟಿಲೂ ಅದೇ ಹಾಕಿ, ಕಡತ ಹೊಂದಿಕೆ ಆಗುತ್ತೆ,” ಎಂದ ಪ್ರಚಾರಾಧಿಕಾರಿ. ನಾನು ಹಾಕಿ ಸಹಿ ಮಾಡಿದೆ.

ಹತ್ತೊಂಬತ್ತಕ್ಕೆ ಹಂಚಿದರು. ಮಾರನೆಯ ಬೆಳಿಗ್ಗೆ ಎದುರಿನ ಕ್ಷೌರದಂಗಡಿಯವನು, ಗಿರಾಕಿಯ ಅರ್ಧ ಕೆನ್ನೆಗೆ ನೊರೆ ಬಿಟ್ಟು, ಪತ್ರ ಹಿಡಿದು ಅಕ್ಕನ ಅಂಗಡಿಗೆ ಓಡಿ ಬಂದ.

“ಅಕ್ಕಾ, ಬಾಗಿಲ ಮೇಲಿರೋ ತಗಡಿನ ನಂಬರ್ ಓದು.”

ಓದಿದಳು. ಅವನು ಪತ್ರ ತೋರಿಸಿದ. ಅವಳು ಹೊಲಿಗೆ ನಿಲ್ಲಿಸಿ ಸೀದಾ ನನ್ನ ಹತ್ತಿರ ಬಂದಳು. ಅಲ್ಲೇ ನನ್ನ ಮೇಜಿನ ಮೇಲೆ ಆಕ್ಷೇಪಣೆ ಬರೆದೆವು. ಮಧ್ಯಾಹ್ನದೊಳಗೆ ಪಾಲಿಕೆಯಲ್ಲಿದ್ದೆವು.

ಸ್ವೀಕೃತಿ ವಿಭಾಗದ ಗುಮಾಸ್ತೆ ಅರ್ಜಿ ಓದಿ ಮೆತ್ತಗೇ ಹೇಳಿದಳು. “ಅಮ್ಮಾ, ಹದಿನೈದಕ್ಕೇ ಮುಗಿದುಹೋಯ್ತಲ್ಲ.”

“ನಿನ್ನೆ ತಾನೇ ಪತ್ರ ಬಂತಮ್ಮಾ!”

“ಒಂದನೇ ತಾರೀಖಿನ ಸಂಚಿಕೆ ಇದು.”

“ಅಯ್ಯೋ, ಮೊನ್ನೆವರೆಗೂ ಇವನ ಪ್ರೆಸ್ಸಲ್ಲಿ ನಾನೇ ಅದ್ರ ಮೇಲೆ ಕೂತಿದ್ದೆ. ಕೇಳಿ ಇವನ್ನ.”

ನಾನು ಹೌದೆಂದೆ. ಮೊನ್ನೆ ಹೋಗಿದ್ದು, ಬೇಕಾದರೆ ಬರೆದು ಕೊಡುತ್ತೇನೆ ಎಂದೆ. ಗುಮಾಸ್ತೆ ಎದ್ದುಹೋಗಿ ಕಡತ ತಂದು ನಮ್ಮ ಕಡೆ ತಿರುಗಿಸಿದಳು. ಡೆಲಿವರಿ ಚೀಟಿ. ಐದು ಸಾವಿರ ಪ್ರತಿ, ಒಂದನೇ ತಾರೀಖು, ನನ್ನ ಸಹಿ.

“ಯಾವುದನ್ನ ನಂಬ್ಲಿ ಯಜಮಾನ್ರೇ?”

ಅಕ್ಕ ಕನ್ನಡಕ ಹಾಕಿಕೊಂಡು ಸಹಿ ನೋಡಿದಳು. ಚಿಕ್ಕಂದಿನಲ್ಲಿ ಕೈ ಹಿಡಿದು ನನಗೆ ಅಕ್ಷರ ತಿದ್ದಿಸಿದವಳು, ಅವಳಿಗೆ ಗುರುತು ಸಿಗದೇ ಇರುತ್ತದೆಯೇ.

ಹಾಗಂತ ಬಿಡಲಿಲ್ಲ ನಾನು. ಪ್ರಚಾರಾಧಿಕಾರಿಯ ಕೋಣೆಗೆ ಹೋದೆ. ಅವನು ವರ್ಗವಾಗಿ ಪೆಟ್ಟಿಗೆಗೆ ಸಾಮಾನು ತುಂಬುತ್ತಿದ್ದ, ತಲೆ ಎತ್ತಲಿಲ್ಲ. ಹೊಸ ಮೇಯರ್ ಹೂಗುಚ್ಛಗಳ ನಡುವಿನಿಂದ “ಅದು ಹಿಂದಿನವರ ತೀರ್ಮಾನ,” ಎಂದರು. ಹಳೆಯ ಮೇಯರ್ ಮನೆಯಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದರು: “ನಾನೀಗ ಯಾರಪ್ಪ?”

ಬರುವಾಗ ಬಸ್ಸಿನಲ್ಲಿ ಅಕ್ಕನಿಗೆ “ತಪ್ಪಾಯ್ತು ಕಣೇ,” ಎಂದೆ.

“ಸಹಿ ಮಾಡೋವಾಗ ಯಾರಾದ್ರೂ ಕೈ ಹಿಡ್ಕೊಂಡಿದ್ರೇನೋ?”

“ಇಲ್ಲ.”

“ಮತ್ತೆ ಮಾತಾಡ್ಬೇಡ.” ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದೇ ಹೋದಳು.

ಇಪ್ಪತ್ತೇಳಕ್ಕೆ ಕಟ್ಟಡ ಕೆಡವಿದರು. ಒಂದು ಬೆಳಗಿನ ಕೆಲಸ. ಹೊಲಿಗೆಯಂತ್ರ ಈಗ ಅವಳ ಮನೆಯ ಒಳಕೋಣೆಯಲ್ಲಿ, ಬಟ್ಟೆ ಹೊದ್ದು ಕೂತಿದೆ. ಅವಳು ಪ್ರೆಸ್‌ಗೆ ಬರುವುದಿಲ್ಲ. ನಾನು ಹೋದರೆ ಸೊಸೆ ಬಾಗಿಲಲ್ಲೇ “ಅತ್ತೆ ಮಲಗಿದಾರೆ ಮಾವ,” ಎನ್ನುತ್ತಾಳೆ. ಒಳಗೆ ಅಕ್ಕನ ಕೆಮ್ಮು ಕೇಳುತ್ತಿರುತ್ತದೆ.

ಮುಂದಿನ ಸಂಚಿಕೆಗೆ ವಿಷಯ ಬಂತು. ರಸ್ತೆ ಅಗಲವಾದ ಸುದ್ದಿ, ಹೊಸ ಮೇಯರ್ ಫೋಟೋ, ಕೆಳಗೆ ಒಂದು ಸಾಲು: ನಿಗದಿತ ಅವಧಿಯಲ್ಲಿ ಸಾರ್ವಜನಿಕರಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ. ಆ ಸಾಲು ತೆಗೆಯಿರೆಂದು ಹೊಸ ಪ್ರಚಾರಾಧಿಕಾರಿಗೆ ಫೋನು ಮಾಡಿದೆ.

“ಯಾಕೆ ಮಾಮಾ, ದಾಖಲೆ ಪ್ರಕಾರ ಸರಿ ಇದೆಯಲ್ಲ?”

ಸರಿಯೇ ಇತ್ತು. ಕರಡು ತಿದ್ದಿದೆ, ಅಚ್ಚು ಹಾಕಿಸಿದೆ. ಐದು ಸಾವಿರ ಪ್ರತಿ. ಈ ಸಲ ತಡವಾಗಲಿಲ್ಲ. ಒಂದನೇ ತಾರೀಖಿಗೇ ಮನೆಮನೆ ತಲುಪಿತು.